ಗೆರೆಗೆ ವೇಗವನ್ನೂ ಕೂಡಿಸಿದ್ದು: ಜಪಾನಿ ಕೈಬರಹ ಕಲಿಸಲು ಕಟ್ಟಿದ ಅಕ್ರಿಲಿಕ್ ಪೆಟ್ಟಿಗೆ ಮತ್ತು ಜಾಲಪುಟ

ಟೋಕಿಯೋದ ಎದೋಗಾವಾ ವಾರ್ಡಿನಲ್ಲಿ, ಭಾರತೀಯ ಕುಟುಂಬಗಳು ಬಹಳವಾಗಿ ನೆಲೆಸಿರುವ ನಿಶಿಕಸಾಯ್‌ನಲ್ಲಿ ನಮ್ಮ ಮನೆಯಿದೆ. ಪ್ರತಿ ಶನಿವಾರ ರಾತ್ರಿ ಒಂಬತ್ತು ಗಂಟೆಗೆ, ಅಂದರೆ ಕರ್ನಾಟಕದ ಸಂಜೆ ಐದೂವರೆಗೆ, ಬೆಂಗಳೂರು, ಮೈಸೂರು ಮತ್ತು ಹುಬ್ಬಳ್ಳಿಯಲ್ಲಿರುವ ಏಳು ಮಂದಿಗೆ ಆನ್‌ಲೈನ್‌ನಲ್ಲಿ ಜಪಾನಿ ಭಾಷೆ ಕಲಿಸುತ್ತೇನೆ. ಅವರಲ್ಲಿ ನಾಲ್ವರು ಕೆಲಸಕ್ಕಾಗಿ ಇಲ್ಲಿಗೆ ಬರಲಿರುವವರು, ಇಬ್ಬರು ಅಂಥವರ ಮನೆಯವರು, ಇನ್ನೊಬ್ಬಳು ಏಪ್ರಿಲ್‌ನಲ್ಲಿ ಇಲ್ಲಿನ ಶಾಲೆಯ ಒಂದನೆಯ ತರಗತಿಗೆ ಸೇರಬೇಕಾದ ಆರು ವರ್ಷದ ಹುಡುಗಿ. ಮಾತು, ವ್ಯಾಕರಣ, ಓದು ಇವನ್ನು ಕಲಿಸಲು ಪರದೆ ಸಾಕಾಗುತ್ತದೆ. ಕೈಬರಹ ಕಲಿಸಲು ಅದು ಸಾಲದು ಎಂಬುದು ಮೂರನೆಯ ಪಾಠದ ಹೊತ್ತಿಗೆ ನನಗೆ ತಿಳಿಯಿತು.

ಆವರೆಗೆ ನಾನು ಫೋನನ್ನು ಮೇಜಿನ ಮೇಲೆ ತೋಳಿನಂಥ ಸ್ಟ್ಯಾಂಡಿಗೆ ಸಿಕ್ಕಿಸಿ, ಕೆಳಗೆ ಕಾಗದವಿಟ್ಟು ಬರೆದು ತೋರಿಸುತ್ತಿದ್ದೆ. ಹುಬ್ಬಳ್ಳಿಯ ವಿದ್ಯಾರ್ಥಿಯೊಬ್ಬರು ಒಂದು ಸಂಜೆ ಬಹಳ ಸಂಕೋಚದಿಂದ, "ಮೇಡಂ, ನಿಮ್ಮ ಕೈನ ಅಕ್ಷರಾ ಮುಚ್ಚಿ ಬಿಡ್ತೈತ್ರಿ, ಪೆನ್ನು ಎಲ್ಲಿ ನಿಂತಿತು ಅನ್ನೋದು ಕಾಣಂಗಿಲ್ರಿ" ಎಂದರು. ಅವರ ಮಾತು ಸರಿಯಾಗಿತ್ತು. ಬಲಗೈಯಿಂದ ಬರೆಯುವಾಗ ಮೇಲಿನಿಂದ ನೋಡುವ ಕ್ಯಾಮೆರಾಕ್ಕೆ ಗೆರೆಯ ತುದಿ ಬೆರಳುಗಳ ಹಿಂದೆ ಅಡಗುತ್ತದೆ. ಜಪಾನಿ ಬರವಣಿಗೆಯಲ್ಲಿ ಕಲಿಯಬೇಕಾದ ಮುಖ್ಯ ಸಂಗತಿ ಇರುವುದು ಆ ತುದಿಯಲ್ಲಿಯೇ. ಗೆರೆಯೊಂದು ಮೂರು ಬಗೆಯಲ್ಲಿ ಮುಗಿಯಬಹುದು: ಪೆನ್ನು ಪೂರ್ತಿ ನಿಂತು ಆಮೇಲೆ ಮೇಲೇಳುವುದು 'ತೊಮೆ', ನಿಂತ ಕ್ಷಣದಲ್ಲೇ ದಿಕ್ಕು ಬದಲಿಸಿ ಚಿಮ್ಮುವುದು 'ಹನೆ', ನಿಲ್ಲದೆ ಸಾಗುತ್ತಲೇ ಕಾಗದವನ್ನು ಬಿಟ್ಟು ಹೋಗುವುದು 'ಹರಾಯ್'. ಅಚ್ಚಾದ ಅಕ್ಷರವನ್ನು ನೋಡಿ ಇವನ್ನು ಊಹಿಸಿಕೊಳ್ಳಬೇಕಾಗುತ್ತದೆ. ಬರೆಯುವ ಕೈಯನ್ನು ನೋಡಿದರೆ ಊಹೆ ಬೇಕಿಲ್ಲ.

ಇನ್ನೊಂದು ತೊಂದರೆಯೂ ಇತ್ತು. ಆನ್‌ಲೈನ್ ಸಭೆಯ ತಂತ್ರಾಂಶಗಳು ಜಾಲದ ವೇಗ ಕುಸಿದಾಗ ವಿಡಿಯೋದ ಫ್ರೇಮುಗಳನ್ನು ಬಿಟ್ಟುಬಿಡುತ್ತವೆ. ನನ್ನ ಕೈಯ ಒಂದು ಹನೆ ಸೆಕೆಂಡಿನ ಹತ್ತನೆಯ ಒಂದು ಭಾಗದಷ್ಟು ಕಾಲದಲ್ಲಿ ಮುಗಿಯುತ್ತದೆ. ಆ ಕಡೆ ಸೆಕೆಂಡಿಗೆ ಹತ್ತೋ ಹದಿನೈದೋ ಫ್ರೇಮುಗಳು ಮಾತ್ರ ತಲುಪುತ್ತಿದ್ದರೆ ಅವರಿಗೆ ಹನೆ ಒಂದೇ ಫ್ರೇಮಿನಲ್ಲಿ ಕಂಡು ಮಾಯವಾಗುತ್ತದೆ, ಇಲ್ಲವೇ ಕಾಣುವುದೇ ಇಲ್ಲ. ಆದ್ದರಿಂದ ನೇರಪಾಠದಲ್ಲಿ ಬರೆದು ತೋರಿಸುವುದನ್ನು ಬಿಟ್ಟು, ಮೊದಲೇ ಚಿತ್ರಿಸಿದ ಚಿಕ್ಕ ವಿಡಿಯೋ, ಗೆರೆ ಗೆರೆಯಾಗಿ ಮೂಡುವ ಚಲನಚಿತ್ರ (ಅನಿಮೇಷನ್), ಧ್ವನಿ ಮತ್ತು ಬರೆದು ಅಭ್ಯಾಸ ಮಾಡುವ ಚೌಕ ಇವೆಲ್ಲವೂ ಒಂದೆಡೆ ಇರುವ ಪುಟವನ್ನು ಕಟ್ಟುವುದೆಂದು ನಿಶ್ಚಯಿಸಿದೆ. ಉಚ್ಚಾರವನ್ನು ಸೂಚಿಸುವ ಎರಡು 'ಕಾನಾ' ಲಿಪಿಗಳಾದ ಹಿರಗಾನದ 46 ಮತ್ತು ಕತಕಾನದ 46, ಆಮೇಲೆ ಇಲ್ಲಿನ ಒಂದನೆಯ ತರಗತಿಯ ಮಕ್ಕಳು ಕಲಿಯುವ 80 ಕಾಂಜಿ, ಅಂದರೆ ಚೀನೀ ಮೂಲದ ಅರ್ಥಸೂಚಕ ಅಕ್ಷರಗಳು, ಒಟ್ಟು 172 ಅಕ್ಷರಗಳು ನನ್ನ ಗುರಿಯಾದವು.

ಪೆಟ್ಟಿಗೆ

ಕೈ ಅಡ್ಡ ಬಾರದಿರಬೇಕಾದರೆ ಕ್ಯಾಮೆರಾ ಕಾಗದದ ಕೆಳಗಿರಬೇಕು. ಪಾರದರ್ಶಕ ಹಲಗೆಯ ಮೇಲೆ ತೆಳ್ಳಗಿನ ಕಾಗದವಿಟ್ಟು ಬರೆದರೆ, ಕೆಳಗಿನಿಂದ ನೋಡುವವರಿಗೆ ಮೊದಲು ಶಾಯಿ, ಅದರ ಹಿಂದೆ ಕೈ ಇರುತ್ತದೆ. 35 ಸೆಂಟಿಮೀಟರ್ ಎತ್ತರದ ಎರಡು ಮರದ ಹಲಗೆಗಳನ್ನು ಎದುರುಬದುರಾಗಿ ನಿಲ್ಲಿಸಿ, ಅಡಿಯಲ್ಲಿ ಒಂದು ಹಲಗೆಗೆ ಮೊಳೆ ಹೊಡೆದು, ಮೇಲೆ 30 ಸೆಂಟಿಮೀಟರ್ ಚೌಕದ ಅಕ್ರಿಲಿಕ್ ಹಾಳೆಯನ್ನು ಕೂರಿಸಿದೆ. ಫೋನು ಅಡಿಯ ಹಲಗೆಯ ಮೇಲೆ ಅಂಗಾತ ಮಲಗಿ ಮೇಲೆ ನೋಡುತ್ತದೆ.

ಮೊದಲು ತಂದಿದ್ದ ಅಕ್ರಿಲಿಕ್ ಹಾಳೆ 2 ಮಿಲಿಮೀಟರ್ ದಪ್ಪದ್ದು. ಕೈಯೂರಿದ ಕೂಡಲೇ ಅದು ಬಾಗುತ್ತಿತ್ತು; ಬಾಗಿದಾಗಲೆಲ್ಲ ಕ್ಯಾಮೆರಾ ಫೋಕಸ್ ಹುಡುಕಲು ಹೊರಟು ಗೆರೆ ಉಸಿರಾಡುವಂತೆ ಕಾಣುತ್ತಿತ್ತು. 5 ಮಿಲಿಮೀಟರಿನ ಹಾಳೆ ಹಾಕಿ, ಫೋಕಸ್ಸನ್ನು ಕಾಗದದ ಮಟ್ಟಕ್ಕೆ ಬೀಗ ಹಾಕಿದ ಮೇಲೆ ಅದು ನಿಂತಿತು. ಎರಡನೆಯದು ಪ್ರತಿಬಿಂಬ. ಫೋನಿನ ಲೆನ್ಸು, ಅದರ ಸುತ್ತಲಿನ ಹೊಳೆಯುವ ಉಂಗುರ, ಎಲ್ಲವೂ ಅಕ್ರಿಲಿಕ್‌ನಲ್ಲಿ ಕಾಣುತ್ತಿದ್ದವು. ಕರಿ ದಪ್ಪ ಕಾಗದದಲ್ಲಿ ಲೆನ್ಸಿನಷ್ಟೇ ತೂತು ಕೊರೆದು ಫೋನಿನ ಮೇಲೆ ಹೊದಿಸಿ, ಪೆಟ್ಟಿಗೆಯ ಒಳಮೈಗೂ ಅದೇ ಕಾಗದವನ್ನು ಅಂಟಿಸಿದೆ.

ಕಾಗದದ ವಿಷಯಕ್ಕೆ ಒಂದು ವಾರವೇ ಹೋಯಿತು. ಕುಂಚದ ಬರಹಕ್ಕೆಂದು ಇಲ್ಲಿ ಎಲ್ಲ ಕಡೆ ದೊರೆಯುವ ತೆಳುವಾದ 'ಹನ್ಶಿ' ಕಾಗದ ಸೂಕ್ತವೆಂದು ಭಾವಿಸಿದ್ದೆ, ಏಕೆಂದರೆ ಅದರಲ್ಲಿ ಶಾಯಿ ಹಿಂಬದಿಗೆ ಇಳಿಯುತ್ತದೆ. ಇಳಿಯಿತು ನಿಜ, ಆದರೆ ತುಸು ತಡವಾಗಿ. ವಿಡಿಯೋದಲ್ಲಿ ಗೆರೆ ಕುಂಚಕ್ಕಿಂತ ಹಿಂದೆ ಬೀಳುತ್ತಿತ್ತು. ಅದಕ್ಕಿಂತ ಕೆಟ್ಟದ್ದೆಂದರೆ, ಹರಾಯ್‌ನ ಕೊನೆಯಲ್ಲಿ ಕುಂಚ ಕಾಗದವನ್ನು ಸವರಿ ಹೋಗುವಾಗ ಶಾಯಿ ಬಹಳ ಕಡಿಮೆಯಿರುವುದರಿಂದ ಆ ಚೂಪು ತುದಿ ಹಿಂಬದಿಗೆ ಬರುತ್ತಲೇ ಇರಲಿಲ್ಲ. ಯಾವುದನ್ನು ತೋರಿಸಲೆಂದು ಇಷ್ಟೆಲ್ಲ ಮಾಡಿದ್ದೆನೋ ಅದೇ ಮಾಯವಾಗಿತ್ತು. ಕೊನೆಗೆ ಟ್ರೇಸಿಂಗ್ ಕಾಗದ ಮತ್ತು ಮೆತ್ತನೆಯ ತುದಿಯ ಕಪ್ಪು ಪೆನ್ನು ಸರಿಹೋದವು. ಅಲ್ಲಿ ಶಾಯಿ ಇಳಿಯಬೇಕಾಗಿಲ್ಲ, ಬೆಳಕು ಹಾಯ್ದರೆ ಸಾಕು. ಪೆನ್ನು ತಾಗಿದ ಜಾಗ, ಊರಿದ ಅಂಗೈಯ ಅಂಚು ಮಸುಕಾಗಿ ಕಾಣುತ್ತವೆ; ಗೆರೆಯನ್ನು ಮಾತ್ರ ಯಾವುದೂ ಮುಚ್ಚುವುದಿಲ್ಲ.

ಕೆಳಗಿನಿಂದ ತೆಗೆದ ಚಿತ್ರ ಕನ್ನಡಿಯಲ್ಲಿ ಕಂಡಂತೆ ಎಡಬಲ ತಿರುಗಿರುತ್ತದೆ. ವಿಡಿಯೋ ತಿದ್ದುವ ತಂತ್ರಾಂಶವಾದ ಎಫ್‌ಎಫ್‌ಎಂಪೆಗ್‌ನ ಎಚ್‌ಫ್ಲಿಪ್ ಎಂಬ ಫಿಲ್ಟರ್ ಒಂದೇ ಆಜ್ಞೆಯಲ್ಲಿ ಅದನ್ನು ನೇರ ಮಾಡುತ್ತದೆ. ಆದರೆ ನೇರವಾದ ಮೇಲೆ ಬರೆಯುವ ಕೈ ಯಾವ ಕಡೆಯಿಂದ ಬರುತ್ತದೆ ಎಂಬುದನ್ನು ಒಮ್ಮೆ ಕಣ್ಣಾರೆ ನೋಡಿ ಖಚಿತಪಡಿಸಿಕೊಳ್ಳಬೇಕು, ಏಕೆಂದರೆ ಎರಡು ಸಲ ತಿರುಗಿಸಿದ ಒಂದು ಕಂತಿನ ವಿಡಿಯೋಗಳು ನನ್ನಲ್ಲಿ ಮೂರು ದಿನ ಹಾಗೆಯೇ ಇದ್ದವು.

ಚಿತ್ರೀಕರಣಕ್ಕೆ ಸೆಕೆಂಡಿಗೆ 60 ಫ್ರೇಮು ಇಟ್ಟಿದ್ದೇನೆ. ಮೊದಲ ವಿಡಿಯೋಗಳಲ್ಲಿ ಕಪ್ಪುಪಟ್ಟಿಗಳು ಮೇಲಿನಿಂದ ಕೆಳಕ್ಕೆ ಹರಿಯುತ್ತಿದ್ದವು. ಮೇಜುದೀಪ ವಿದ್ಯುತ್ತಿನ ಆವರ್ತನಕ್ಕೆ ತಕ್ಕಂತೆ ಮಿಡಿಯುತ್ತಿದ್ದುದೇ ಕಾರಣ. ಜಪಾನಿನ ಪೂರ್ವ ಭಾಗದಲ್ಲಿ, ಅಂದರೆ ಟೋಕಿಯೋದಲ್ಲಿ, ಮನೆಯ ವಿದ್ಯುತ್ತು 50 ಹರ್ಟ್ಜ್. ಒಸಾಕಾ ಇರುವ ಪಶ್ಚಿಮದಲ್ಲಿ 60 ಹರ್ಟ್ಜ್. ಶಟರನ್ನು 1/100 ಸೆಕೆಂಡಿಗೆ ಹೊಂದಿಸಿದಾಗ ಪಟ್ಟಿಗಳು ಹೋದವು. ಭಾರತದಲ್ಲಿಯೂ 50 ಹರ್ಟ್ಜ್ ಇರುವುದರಿಂದ ಊರಿನಲ್ಲಿ ಇಂಥ ಪೆಟ್ಟಿಗೆ ಮಾಡಿಕೊಳ್ಳುವವರಿಗೂ ಇದೇ ಅಳತೆ ನಡೆಯುತ್ತದೆ. ಒಸಾಕಾದಲ್ಲಿರುವವರು 1/120 ಇಟ್ಟುಕೊಳ್ಳಬೇಕು.

ಪೆಟ್ಟಿಗೆಯಿಂದ ಬಯಸದೆ ಬಂದ ಒಂದು ಲಾಭವನ್ನು ಇಲ್ಲಿಯೇ ಹೇಳಬೇಕು. ಫೋನಿನ ಮೈಕು ಪೆಟ್ಟಿಗೆಯೊಳಗೇ ಇರುವುದರಿಂದ, ಬಿಗಿಯಾಗಿ ಕೂತ ಅಕ್ರಿಲಿಕ್ ಹಾಳೆ ಡೋಲಿನ ಚರ್ಮದಂತೆ ವರ್ತಿಸಿ ಪೆನ್ನಿನ ಸದ್ದನ್ನು ದೊಡ್ಡದು ಮಾಡುತ್ತಿತ್ತು. ಪೆನ್ನು ಊರಿದಾಗ ಒಂದು 'ಟಕ್', ಸಾಗುವಾಗ ಸರಸರ, ನಿಂತಾಗ ಮೌನ, ಚಿಮ್ಮಿದಾಗ ಗಕ್ಕನೆ ಏರಿ ಕಡಿದುಹೋಗುವ ಸದ್ದು. ಇಲ್ಲಿನ ಕೈಬರಹದ ಶಿಕ್ಷಕರು ಕುಂಚದ ಒಂದು ಅಡ್ಡಗೆರೆಯನ್ನು ಕಲಿಸುವಾಗ "ತೋನ್, ಸೂ, ತೋನ್" ಎಂದು ಬಾಯಲ್ಲಿ ಹೇಳಿಕೊಡುತ್ತಾರೆ: ಊರು, ಎಳೆ, ನಿಲ್ಲಿಸು. ನನ್ನ ಪೆಟ್ಟಿಗೆ ಅದನ್ನೇ ಹೇಳುತ್ತಿತ್ತು. ಗದ್ದಲವೆಂದು ಅಳಿಸಬೇಕೆಂದಿದ್ದ ಆ ಧ್ವನಿಯನ್ನು ಉಳಿಸಿ, ಮೇಲೆ ಅಕ್ಷರದ ಉಚ್ಚಾರಣೆಯನ್ನು ಒಂದು ಸಲ ಸೇರಿಸಿದೆ. ನೇರಪಾಠದಲ್ಲಿ ಈ ಸದ್ದು ಅವರಿಗೆ ಎಂದೂ ಕೇಳಿರಲಿಲ್ಲ, ಏಕೆಂದರೆ ಸಭೆಯ ತಂತ್ರಾಂಶದ ಶಬ್ದನಿವಾರಣೆ ಪೆನ್ನಿನ ಸರಸರವನ್ನು ಫ್ಯಾನಿನ ಸದ್ದಿನ ಜೊತೆ ಸೇರಿಸಿ ಒರೆಸಿಹಾಕುತ್ತದೆ.

ಗೆರೆಗಳು ಎಲ್ಲಿಂದ ಬಂದವು

ವಿಡಿಯೋ ಕೈಯನ್ನು ತೋರಿಸುತ್ತದೆ. ಆದರೆ ಅದನ್ನು ಗೆರೆ ಗೆರೆಯಾಗಿ ನಿಲ್ಲಿಸಿ, ಹಿಂದೆ ಸರಿಸಿ, ಮತ್ತೆ ನೋಡುವುದು ಫೋನಿನಲ್ಲಿ ಕಷ್ಟ. ಅದಕ್ಕಾಗಿ ಉಲ್ರಿಶ್ ಆಪೆಲ್ ಅವರು ಆರಂಭಿಸಿದ ಕಾಂಜಿವಿಜಿ ಎಂಬ ಮುಕ್ತ ಸಂಗ್ರಹವನ್ನು ಬಳಸಿದೆ. ಪ್ರತಿಯೊಂದು ಅಕ್ಷರಕ್ಕೂ ಅದರಲ್ಲಿ ಒಂದು ಎಸ್‌ವಿಜಿ ಕಡತವಿದೆ, ಅಂದರೆ ಗೆರೆಗಳನ್ನು ಪಥಗಳಾಗಿ ಬರೆದಿಡುವ ಚಿತ್ರಕಡತ. ಕಡತದ ಹೆಸರು ಆ ಅಕ್ಷರದ ಯುನಿಕೋಡ್ ಸಂಖ್ಯೆ, ಅಂದರೆ ಕಂಪ್ಯೂಟರುಗಳಲ್ಲಿ ಪ್ರತಿ ಲಿಪಿಯ ಪ್ರತಿ ಅಕ್ಷರಕ್ಕೂ ಗೊತ್ತುಪಡಿಸಿರುವ ಸಂಖ್ಯೆ. ಉದಾಹರಣೆಗೆ ಹಿರಗಾನದ 'ಅ' 03042. ಕಡತದೊಳಗೆ 109ಕ್ಕೆ 109ರ ಚೌಕದಲ್ಲಿ ಗೆರೆಗಳು ಬರೆಯಬೇಕಾದ ಕ್ರಮದಲ್ಲಿಯೇ ಒಂದರ ಕೆಳಗೊಂದು ಇರುತ್ತವೆ, ಪ್ರತಿ ಗೆರೆಯ ಪಥವೂ ಬರೆಯಬೇಕಾದ ದಿಕ್ಕಿನಲ್ಲಿಯೇ ಸಾಗುತ್ತದೆ. ಕ್ರಿಯೇಟಿವ್ ಕಾಮನ್ಸ್‌ನ ಹೆಸರು ಸೂಚಿಸಿ, ಅದೇ ಪರವಾನಗಿಯಲ್ಲಿ ಹಂಚಿಕೊಳ್ಳಬೇಕೆಂಬ ನಿಬಂಧನೆಯಡಿ ಅದು ದೊರೆಯುತ್ತದೆ. ಆದ್ದರಿಂದ ಪುಟದ ಅಡಿಯಲ್ಲಿ ಕೃತಜ್ಞತೆಯ ಸಾಲಿದೆ, ನಾನು ಅದಕ್ಕೆ ಸೇರಿಸಿದ ವೇಗದ ಅಂಕಿಗಳೂ ಅದೇ ಪರವಾನಗಿಯಲ್ಲಿಯೇ ಇವೆ.

ಗೆರೆಯನ್ನು ಮೂಡಿಸುವ ಉಪಾಯ ಜಾಲಪುಟ ಕಟ್ಟುವವರಿಗೆಲ್ಲ ಗೊತ್ತಿರುವಂಥದು. ಪಥದ ಒಟ್ಟು ಉದ್ದವನ್ನು ಬ್ರೌಸರ್‌ನಿಂದಲೇ ಕೇಳಿ ಪಡೆದು, ಗೆರೆಯನ್ನು ಅಷ್ಟೇ ಉದ್ದದ ಒಂದು ತುಂಡು ಮತ್ತು ಅಷ್ಟೇ ಉದ್ದದ ಒಂದು ಖಾಲಿ ಎಂದು ಸಾರಿ, ಆ ಖಾಲಿಯನ್ನು ಸ್ಟ್ರೋಕ್-ಡ್ಯಾಶ್ಆಫ್‌ಸೆಟ್ ಮೂಲಕ ನಿಧಾನವಾಗಿ ಸರಿಸುತ್ತ ಹೋಗುವುದು. ಇಲ್ಲೊಂದು ಸಣ್ಣ ಕೀಟಲೆಯಿದೆ: ಗೆರೆಯ ತುದಿಗಳು ದುಂಡಗಿರಲೆಂದು ಹೇಳಿದ್ದರೆ, ಇನ್ನೂ ಶುರುವಾಗದ ಗೆರೆಗಳ ತಲೆಯಲ್ಲಿ ಒಂದೊಂದು ಚುಕ್ಕೆ ಮೊದಲೇ ಕಾಣಿಸಿಕೊಳ್ಳುತ್ತದೆ. ಸರದಿ ಬರುವವರೆಗೆ ಗೆರೆಯನ್ನು ಪೂರ್ತಿ ಮರೆಮಾಡಿಟ್ಟರೆ ಸರಿಹೋಗುತ್ತದೆ.

ಅಕ್ಷರಗಳ ಪಟ್ಟಿಯನ್ನು ಪುಟದಲ್ಲಿ ಹೇಗೆ ಜೋಡಿಸಬೇಕೆಂಬ ಪ್ರಶ್ನೆಗೆ ಕನ್ನಡಿಗರಿಗೆ ಉತ್ತರ ಸಿದ್ಧವಾಗಿಯೇ ಇತ್ತು. ಜಪಾನಿನ ಬೌದ್ಧ ಭಿಕ್ಷುಗಳು ಸಂಸ್ಕೃತ ಬರೆಯುವ ಸಿದ್ಧಂ ಲಿಪಿಯನ್ನೂ ಸಂಸ್ಕೃತದ ವರ್ಣಮಾಲೆಯನ್ನೂ ಅಧ್ಯಯನ ಮಾಡಿದ್ದರ ಫಲವಾಗಿ ಅವರ ಕಾನಾ ಕೋಷ್ಟಕ ನಮ್ಮ ವರ್ಗಗಳ ದಾರಿಯಲ್ಲಿಯೇ ನಡೆಯುತ್ತದೆ: ಅಡ್ಡಲಾಗಿ ಅ, ಇ, ಉ, ಎ, ಒ; ಕೆಳಗಿಳಿಯುತ್ತ ಕ, ಸ, ತ, ನ, ಹ, ಮ, ಯ, ರ, ವ. ನಮ್ಮ ಚ ಇದ್ದೆಡೆ ಅವರ ಸ, ನಮ್ಮ ಪ ಇದ್ದೆಡೆ ಅವರ ಹ. ಕಾಗುಣಿತ ಬಾಯಿಪಾಠ ಮಾಡಿದವರಿಗೆ ಈ ಕೋಷ್ಟಕವನ್ನು ವಿವರಿಸಬೇಕಾಗಿಯೇ ಇಲ್ಲ. ಪಾಠದಲ್ಲಿ ಅದಕ್ಕೆ ಐದು ನಿಮಿಷ ಹಿಡಿಯಿತು.

ಆಕಾರಗಳ ವಿಷಯದಲ್ಲಿ ಎರಡು ಎಡವಟ್ಟುಗಳಾದವು. ಪುಟದ ಶೀರ್ಷಿಕೆಯಲ್ಲಿ ಫೋನಿನ ಸಾಮಾನ್ಯ ಫಾಂಟಿನಲ್ಲಿಯೇ ಅಕ್ಷರವನ್ನು ದೊಡ್ಡದಾಗಿ ತೋರಿಸಿದ್ದೆ. ಹಿರಗಾನದ 'ಕಿ'ಯನ್ನು ಕೈಯಲ್ಲಿ ಬರೆಯುವಾಗ ನಾಲ್ಕು ಗೆರೆ, ಮೂರನೆಯದಕ್ಕೂ ಕೊನೆಯ ಬಟ್ಟಲಿನಂಥ ಗೆರೆಗೂ ನಡುವೆ ಬಿಡುವು ಇರುತ್ತದೆ. ಅಚ್ಚಿನ ಅನೇಕ ಫಾಂಟುಗಳಲ್ಲಿ ಅವೆರಡೂ ಕೂಡಿಕೊಂಡಿರುತ್ತವೆ. ಐದು ಮಂದಿ ಶೀರ್ಷಿಕೆಯನ್ನು ನೋಡಿಕೊಂಡು ಕೂಡಿಸಿಯೇ ಬರೆದರು, ಕೆಳಗಿನ ಚಲನಚಿತ್ರ ಬೇರೆ ತೋರಿಸುತ್ತಿದ್ದರೂ. ಎರಡನೆಯದು, 'ನೇರ' ಎಂಬ ಅರ್ಥದ ಕಾಂಜಿ ಒಬ್ಬರ ಫೋನಿನಲ್ಲಿ ಚೀನೀ ರೂಪದಲ್ಲಿ ಕಂಡಿತು, ಅಂದರೆ ಎಡಗಡೆ ನೇರವಾಗಿ ಇಳಿದು ಬಲಕ್ಕೆ ಮಡಿಯುವ ಗೆರೆಯ ಬದಲು ಅಡಿಯಲ್ಲಿ ಬರೀ ಅಡ್ಡಗೆರೆ. ಯುನಿಕೋಡ್ ಚೀನೀ ಮತ್ತು ಜಪಾನಿ ರೂಪಗಳೆರಡಕ್ಕೂ ಒಂದೇ ಸಂಖ್ಯೆ ಕೊಟ್ಟಿರುವುದರಿಂದ, ಇದು ಜಪಾನಿ ಭಾಷೆಯೆಂದು ಪುಟದ ಸಂಕೇತದಲ್ಲಿ ಹೇಳದಿದ್ದರೆ ಫೋನು ತನ್ನ ಬಳಿಯಿರುವ ಯಾವುದೋ ಫಾಂಟನ್ನು ಆರಿಸಿಕೊಳ್ಳುತ್ತದೆ. ಭಾಷೆಯನ್ನು ಸೂಚಿಸಿದೆ; ಅಷ್ಟಕ್ಕೇ ನಿಲ್ಲದೆ ಬರವಣಿಗೆಯ ಪುಟಗಳಿಂದ ಫಾಂಟಿನ ಅಕ್ಷರವನ್ನೇ ತೆಗೆದು, ಎಲ್ಲೆಡೆ ಕಾಂಜಿವಿಜಿಯ ಗೆರೆಗಳಿಂದಲೇ ಅಕ್ಷರವನ್ನು ಚಿತ್ರಿಸಿದೆ. ಬರೆಯಲು ಕಲಿಯುವವರ ಕಣ್ಣ ಮುಂದೆ ಅಚ್ಚಿನ ರೂಪ ಇರಬಾರದು ಎಂದು ನನಗೆ ಈಗ ದೃಢವಾಗಿ ಅನ್ನಿಸುತ್ತದೆ. ಓದಿನ ಪಾಠಕ್ಕೆ ಅದು ಬೇಕು, ಆದರೆ ಅದು ಬೇರೆ ಪುಟದಲ್ಲಿರಲಿ.

ವೇಗ

ಈ ಹಂತದಲ್ಲಿ ಪುಟ ಕೆಲಸ ಮಾಡುತ್ತಿತ್ತು, ಗೆರೆಗಳು ಕ್ರಮವಾಗಿ ಮೂಡುತ್ತಿದ್ದವು, ಎಲ್ಲರೂ ಕ್ರಮವನ್ನು ಕಲಿತರು. ಆದರೂ ಅವರು ಫೋಟೋ ತೆಗೆದು ಕಳಿಸಿದ ಹಾಳೆಗಳಲ್ಲಿ ಅಕ್ಷರಗಳು ತಂತಿ ಬಗ್ಗಿಸಿ ಮಾಡಿದಂತೆ ಇದ್ದವು. ಹಿರಗಾನದ 'ಇ' ಎರಡೇ ಗೆರೆಗಳ ಅಕ್ಷರ. ಎಡಗೆರೆ ಮೇಲಿನಿಂದ ತುಸು ಬಾಗಿ ಇಳಿದು, ಅಡಿಯಲ್ಲಿ ಬಲಮೇಲಕ್ಕೆ ಚಿಮ್ಮುತ್ತದೆ; ಆ ಚಿಮ್ಮು ಕಾಗದವನ್ನು ಬಿಟ್ಟ ಮೇಲೂ ಗಾಳಿಯಲ್ಲಿ ಮುಂದುವರಿದು, ಬಲಗಡೆಯ ಚಿಕ್ಕ ಗೆರೆಯ ತಲೆಯ ಮೇಲೆ ಬಂದಿಳಿಯುತ್ತದೆ; ಆ ಚಿಕ್ಕ ಗೆರೆ ಸಾಗಿ ನಿಲ್ಲುತ್ತದೆ. ವಿದ್ಯಾರ್ಥಿಗಳ ಹಾಳೆಯಲ್ಲಿ ಎರಡು ಒಂಟಿ ಗೆರೆಗಳಿದ್ದವು. ಮೊದಲನೆಯದರ ಅಡಿಯಲ್ಲಿ ಚಿಮ್ಮಿನ ಬದಲು ಎಚ್ಚರದಿಂದ ಎಳೆದ ಕೊಕ್ಕೆಯಿತ್ತು, ಅದು ಎರಡನೆಯ ಗೆರೆಯತ್ತ ನೋಡುತ್ತಲೂ ಇರಲಿಲ್ಲ.

ಕಾರಣ ನನ್ನ ಚಲನಚಿತ್ರದಲ್ಲಿಯೇ ಇತ್ತು. ಕಾಂಜಿವಿಜಿಯ ಪಥಕ್ಕೆ ಆಕಾರವಿದೆ, ದಿಕ್ಕಿದೆ, ಕಾಲವಿಲ್ಲ. ನಾನು ಪ್ರತಿ ಗೆರೆಯನ್ನೂ ಒಂದೇ ಸಮನೆಯ ವೇಗದಲ್ಲಿ ಓಡಿಸುತ್ತಿದ್ದೆ. ನಿಲ್ಲಬೇಕಾದಲ್ಲಿ ನಿಲ್ಲದೆ, ಚಿಮ್ಮಬೇಕಾದಲ್ಲಿ ಚಿಮ್ಮದೆ, ಗೆರೆ ರೈಲಿನಂತೆ ಸಾಗುತ್ತಿತ್ತು. ಅವರು ನಾನು ತೋರಿಸಿದ್ದನ್ನೇ ನಿಷ್ಠೆಯಿಂದ ಬರೆದಿದ್ದರು. ಇಷ್ಟು ದಿನ ಗೆರೆಗಳ ಕ್ರಮವನ್ನು ಕಲಿಸಿದರೆ ಬರವಣಿಗೆಯನ್ನು ಕಲಿಸಿದಂತೆ ಎಂದು ನಾನು ತಿಳಿದಿದ್ದೆ. ತೊಮೆ, ಹನೆ, ಹರಾಯ್ ಮೂರೂ ಆಕಾರದ ವ್ಯತ್ಯಾಸಗಳಿಗಿಂತ ಮೊದಲು ವೇಗದ ವ್ಯತ್ಯಾಸಗಳು ಎಂಬುದು ಆ ಹಾಳೆಗಳನ್ನು ನೋಡಿದಾಗ ಅರಿವಾಯಿತು.

ವೇಗವನ್ನು ಪಡೆಯಲು ಪೆನ್ನಿರುವ ಟ್ಯಾಬ್ಲೆಟ್ಟಿನ ಮೇಲೆ ಪ್ರತಿ ಅಕ್ಷರವನ್ನೂ ಮೂರು ಸಲ ಬರೆದೆ. ಬ್ರೌಸರ್ ಪೆನ್ನಿನ ಒಂದೊಂದು ಚಲನೆಗೂ ಸ್ಥಾನ, ಒತ್ತಡ ಮತ್ತು ಸಮಯವನ್ನು ಕೊಡುತ್ತದೆ. ಗೆರೆಯ ಆರಂಭದಿಂದ ಆ ಕ್ಷಣದವರೆಗೆ ಸಾಗಿದ ದೂರವನ್ನು ಗೆರೆಯ ಒಟ್ಟು ಉದ್ದದಿಂದ ಭಾಗಿಸಿದರೆ 0ಯಿಂದ 1ರವರೆಗಿನ ಒಂದು ಅಂಕಿ ಸಿಗುತ್ತದೆ: ಇಷ್ಟು ಹೊತ್ತಿಗೆ ಗೆರೆಯ ಇಷ್ಟು ಪಾಲು ಮುಗಿದಿತ್ತು ಎಂದು. ನನ್ನ ಗೆರೆಯ ಆಕಾರ ಕಾಂಜಿವಿಜಿಯದಕ್ಕಿಂತ ತುಸು ಬೇರೆಯಿದ್ದರೂ ಈ ಪಾಲಿನ ಅಂಕಿಯನ್ನು ಅದರ ಪಥಕ್ಕೆ ಹಾಗೆಯೇ ಹೊಂದಿಸಬಹುದು. ಪ್ರತಿ ಗೆರೆಗೆ ಹನ್ನೆರಡು ಬಿಂದುಗಳಿಗೆ ಇಳಿಸಿ, ಬ್ರೌಸರಿನ ವೆಬ್ ಅನಿಮೇಷನ್ಸ್ ಸೌಲಭ್ಯಕ್ಕೆ ಆ ಬಿಂದುಗಳನ್ನೇ ಕೀಫ್ರೇಮ್‌ಗಳಾಗಿ, ಅಂದರೆ ಯಾವ ಹೊತ್ತಿಗೆ ಗೆರೆ ಎಲ್ಲಿರಬೇಕೆಂಬ ಗುರುತುಗಳಾಗಿ ಕೊಟ್ಟೆ. ಒಂದು ಅಕ್ಷರದ ವೇಗದ ದಾಖಲೆ ಕೆಲವು ನೂರು ಅಕ್ಷರಗಳ ಪಠ್ಯದಲ್ಲಿ ಮುಗಿಯುತ್ತದೆ.

ಮೊದಲ ಪ್ರಯತ್ನದಲ್ಲಿ ತೊಮೆಗಳೆಲ್ಲ ಮಾಯವಾದವು. ಪೆನ್ನು ನಿಂತಿದ್ದಾಗ ಸ್ಥಾನ ಬದಲಾಗದ್ದರಿಂದ ಹೊಸ ಚಲನೆಯ ಸೂಚನೆ ಬರುವುದಿಲ್ಲ, ನಾನು ಕೊನೆಯ ಚಲನೆಯ ಸಮಯವನ್ನೇ ಗೆರೆಯ ಮುಕ್ತಾಯವೆಂದು ಹಿಡಿದಿದ್ದೆ. ಪೆನ್ನು ಮೇಲೆದ್ದ ಸಮಯವನ್ನು ಕೊನೆಯ ಬಿಂದುವಾಗಿ ಸೇರಿಸಿದಾಗ ಆ ನಿಲುಗಡೆಗಳು ಮರಳಿದವು. ನನ್ನ ದಾಖಲೆಗಳಲ್ಲಿ ತೊಮೆಯ ನಿಲುಗಡೆ ಸೆಕೆಂಡಿನ ಐದನೆಯ ಒಂದು ಭಾಗದ ಆಸುಪಾಸಿನಲ್ಲಿದೆ. ಹರಾಯ್‌ನಲ್ಲಿ ಪೆನ್ನು ಏಳುವ ಕ್ಷಣದ ವೇಗ ಇಡೀ ಗೆರೆಯ ಸರಾಸರಿಗಿಂತ ಹೆಚ್ಚಿದೆ. ಒಂದು ಗೆರೆಯ ಕೊನೆಯಿಂದ ಮುಂದಿನದರ ಆರಂಭದವರೆಗೆ ಪೆನ್ನು ಗಾಳಿಯಲ್ಲಿ ಸಾಗುವ ದಾರಿಯನ್ನೂ ಅದಕ್ಕೆ ಬೇಕಾದ ನಿಜವಾದ ಸಮಯದಲ್ಲಿ ತೆಳು ಚುಕ್ಕೆಗಳಿಂದ ತೋರಿಸಿದೆ. 'ಇ' ಅಕ್ಷರದ ಎರಡು ಗೆರೆಗಳು ಪರಸ್ಪರ ಸಂಬಂಧವುಳ್ಳವು ಎಂದು ಮಾತಿನಲ್ಲಿ ಹೇಳಿ ಮನದಟ್ಟು ಮಾಡಲಾಗದ್ದನ್ನು ಆ ಚುಕ್ಕೆಗಳು ಒಂದೇ ಸಂಜೆಯಲ್ಲಿ ಮಾಡಿದವು. ಪೆಟ್ಟಿಗೆಯ ಧ್ವನಿಯನ್ನೂ ಈ ಚಲನಚಿತ್ರಕ್ಕೆ ಜೋಡಿಸಬೇಕೆಂದು ಬಯಸಿದೆ, ಆದರೆ ವಿಡಿಯೋದ ಬರಹವೂ ಟ್ಯಾಬ್ಲೆಟ್ಟಿನ ಬರಹವೂ ಬೇರೆ ಬೇರೆ ಸಲದವಾದ್ದರಿಂದ ಹೊಂದಲಿಲ್ಲ. ಧ್ವನಿ ಸದ್ಯಕ್ಕೆ ವಿಡಿಯೋದಲ್ಲಿ ಮಾತ್ರ ಇದೆ.

ತಿದ್ದುವ ಚೌಕ

ನಾವೆಲ್ಲ ಅಕ್ಷರ ಕಲಿತದ್ದು ತಿದ್ದಿ. ಮೇಷ್ಟ್ರು ಸ್ಲೇಟಿನ ತುಂಬ ಒಂದು ದೊಡ್ಡ 'ಅ' ಬರೆದುಕೊಡುವುದು, ನಾವು ಗೆರೆ ಬೆರಳಿನಷ್ಟು ದಪ್ಪವಾಗುವವರೆಗೆ ಅದರ ಮೇಲೆ ಬಳಪ ಆಡಿಸುವುದು. ಇಲ್ಲಿನ ಮಕ್ಕಳ ಅಭ್ಯಾಸ ಪುಸ್ತಕದಲ್ಲಿಯೂ ಮೊದಲ ಚೌಕಗಳಲ್ಲಿ ಮಸುಕಾದ ಬೂದು ಅಕ್ಷರವಿರುತ್ತದೆ, ಆಮೇಲೆ ನಡುವೆ ಚುಕ್ಕೆಗೆರೆಗಳ ಶಿಲುಬೆಯಿರುವ ಖಾಲಿ ಚೌಕಗಳು. ನನ್ನ ಪುಟದಲ್ಲಿಯೂ ಹಾಗೆಯೇ ಮಾಡಿದೆ. ಬೆರಳಿನಿಂದ ಬರೆಯಹೊರಟರೆ ಪುಟವೇ ಜಾರುತ್ತಿದ್ದುದನ್ನು ಟಚ್-ಆಕ್ಷನ್ ಗುಣದಿಂದ ತಡೆದದ್ದು, ಹೆಚ್ಚು ಸಾಂದ್ರತೆಯ ಪರದೆಗಳಲ್ಲಿ ಗೆರೆ ಮಸುಕಾಗದಂತೆ ಕ್ಯಾನ್ವಾಸನ್ನು ಹಿಗ್ಗಿಸಿದ್ದು ಎಲ್ಲರೂ ಮಾಡುವ ಕೆಲಸಗಳು.

ತಿದ್ದುವಿಕೆಯ ಒಂದು ದೋಷವನ್ನು ವೇಗದ ದಾಖಲೆಗಳೇ ತೋರಿಸಿದವು. ಬೂದು ಗೆರೆಯ ಮೇಲೆ ಬರೆಯುವವರು ಅದರಿಂದ ಜಾರಬಾರದೆಂದು ಬಹಳ ನಿಧಾನವಾಗಿ, ಒಂದೇ ವೇಗದಲ್ಲಿ ಸಾಗುತ್ತಾರೆ. ಹರಾಯ್‌ನ ಕೊನೆಯಲ್ಲಿ ನಿಂತೇ ಬಿಡುತ್ತಾರೆ. ಹೆಚ್ಚು ತಿದ್ದಿದಷ್ಟೂ ಆ ನಿಧಾನ ಕೈಗೆ ರೂಢಿಯಾಗುತ್ತದೆ. ಆದ್ದರಿಂದ ಪ್ರತಿ ಅಕ್ಷರವನ್ನು ಎರಡೇ ಸಲ ತಿದ್ದಲು ಬಿಟ್ಟು, ಮೂರನೆಯ ಸಲಕ್ಕೆ ಖಾಲಿ ಚೌಕ ಕೊಡುತ್ತೇನೆ. ಬರೆದ ಮೇಲೆ ಮಾದರಿಯನ್ನು ಅದರ ಮೇಲೆ ಮೂಡಿಸಿ ಹೋಲಿಸಿಕೊಳ್ಳಬಹುದು.

ಬರೆದದ್ದನ್ನು ಪರೀಕ್ಷಿಸುವ ಭಾಗ ಸರಳವಾದದ್ದು. ಬರೆದವರ ಗೆರೆಯನ್ನೂ ಮಾದರಿಯ ಗೆರೆಯನ್ನೂ ಸಮದೂರದ 32 ಬಿಂದುಗಳಾಗಿ ಒಡೆದು, ಅಕ್ಷರಗಳ ನಡುಬಿಂದುಗಳನ್ನು ಕೂಡಿಸಿ, ಜೋಡಿ ಬಿಂದುಗಳ ಸರಾಸರಿ ಅಂತರವನ್ನು ನೋಡುತ್ತದೆ. ಮೊದಲ ಬಿಂದುವಿಗೆ ಮೊದಲನೆಯದನ್ನೇ ಹೋಲಿಸುವುದರಿಂದ ದಿಕ್ಕು ತಿರುಗಿದ್ದರೆ ಅಂತರ ಹಿಗ್ಗಿ ತಪ್ಪು ತಾನಾಗಿಯೇ ಗೊತ್ತಾಗುತ್ತದೆ. ಕತಕಾನದ 'ಶಿ' ಮತ್ತು 'ತ್ಸು' ಅಕ್ಷರಗಳಿಗೆ ಇದು ಅತ್ಯಗತ್ಯವಾಗಿತ್ತು. ಎರಡರಲ್ಲಿಯೂ ಎರಡು ಚಿಕ್ಕ ಗೆರೆಗಳು ಮತ್ತು ಒಂದು ಉದ್ದ ಗೆರೆ. 'ಶಿ'ಯ ಉದ್ದ ಗೆರೆ ಕೆಳಗಿನಿಂದ ಬಲಮೇಲಕ್ಕೆ ಏರುತ್ತದೆ, 'ತ್ಸು'ವಿನದು ಮೇಲಿನಿಂದ ಎಡಕೆಳಕ್ಕೆ ಇಳಿಯುತ್ತದೆ. ಮೈಸೂರಿನ ಇಬ್ಬರು ಎರಡನ್ನೂ ಮೇಲಿನಿಂದಲೇ ಎಳೆಯುತ್ತಿದ್ದರು, ಪರದೆಯ ಸಮದಪ್ಪದ ಗೆರೆಯಲ್ಲಿ ಎರಡೂ ಸರಿಯಾಗಿಯೇ ಕಾಣುತ್ತಿದ್ದವು. ಕಾಗದದಲ್ಲಿ ಹಾಗಲ್ಲ: ಪೆನ್ನು ಊರಿದ ಕಡೆ ದಪ್ಪ, ಬಿಟ್ಟ ಕಡೆ ತೆಳುವಾಗುವುದರಿಂದ ಓದುವವರು ಅದನ್ನು ನೋಡಿ ಅಕ್ಷರವನ್ನು ಗುರುತಿಸುತ್ತಾರೆ. 'ಶಿ'ಯ ಗೆರೆಗಳ ತಲೆಗಳು ಎಡಗಡೆ ಒಂದು ಲಂಬರೇಖೆಗೂ, 'ತ್ಸು'ವಿನವು ಮೇಲೆ ಒಂದು ಅಡ್ಡರೇಖೆಗೂ ಸಾಲುಗೂಡುತ್ತವೆ. ಆ ರೇಖೆಗಳನ್ನು ಚೌಕದಲ್ಲಿ ತೆಳುವಾಗಿ ಎಳೆದುಕೊಟ್ಟ ಮೇಲೆ ಗೊಂದಲ ಬಹುಪಾಲು ತೀರಿತು.

ಗೆರೆಯ ಕೊನೆಯನ್ನು ಪರೀಕ್ಷಿಸಲೂ ಆಕಾರವನ್ನು ಬಿಟ್ಟು ವೇಗವನ್ನೇ ಹಿಡಿದೆ. ಬೆರಳು ಮೇಲೇಳುವ ಮುಂಚಿನ 80 ಮಿಲಿಸೆಕೆಂಡುಗಳ ವೇಗವನ್ನು ಗೆರೆಯ ಸರಾಸರಿ ವೇಗದೊಡನೆ ಹೋಲಿಸಿದರೆ ನಿಂತದ್ದೋ ಹಾಗೆಯೇ ಸಾಗಿಹೋದದ್ದೋ ಎಂಬುದು ಸಾಕಷ್ಟು ಸ್ಪಷ್ಟವಾಗಿ ತಿಳಿಯುತ್ತದೆ. ಇದು ಕಾನಾ ಅಕ್ಷರಗಳಿಗೆ ಚೆನ್ನಾಗಿ ಒದಗಿತು. ಆದರೆ ಕಾಂಜಿಗೂ ಇದನ್ನೇ ಕಟ್ಟುನಿಟ್ಟಾಗಿ ಅನ್ವಯಿಸಿ ನಾನು ತಪ್ಪು ಮಾಡಿದೆ. ಆರು ವರ್ಷದ ಹುಡುಗಿ 'ಮರ' ಎಂಬ ಕಾಂಜಿಯ ನಡುಗೆರೆಯನ್ನು ಅಡಿಯಲ್ಲಿ ಚಿಮ್ಮಿಸಿ ಬರೆದಳು. ಪುಟ ಕೆಂಪು ತೋರಿಸಿತು. ಅವಳು ಆರು ಸಲ ಬರೆದು, ಆರು ಸಲವೂ ಕೆಂಪು ಕಂಡು, ಆಟ ಮುಗಿಸಿ ಎದ್ದು ಹೋದಳೆಂದು ಅವಳ ತಾಯಿ ತಿಳಿಸಿದರು. ಜಪಾನಿನ ಸಾಂಸ್ಕೃತಿಕ ವ್ಯವಹಾರಗಳ ಸಂಸ್ಥೆ 2016ರಲ್ಲಿ ಹೊರಡಿಸಿದ ಮಾರ್ಗಸೂಚಿ, ಇದೇ ಅಕ್ಷರದ ನಡುಗೆರೆಯನ್ನು ನಿಲ್ಲಿಸಿದರೂ ಚಿಮ್ಮಿಸಿದರೂ ಸರಿಯೆಂದೇ ಹೇಳುತ್ತದೆ. ಗೆರೆಗಳ ಕ್ರಮದ ಮಾತೂ ಹೀಗೆಯೇ. 1958ರಲ್ಲಿ ಶಿಕ್ಷಣ ಸಚಿವಾಲಯ 881 ಕಾಂಜಿಗಳಿಗೆ ಕ್ರಮವನ್ನು ನಿಗದಿಪಡಿಸಿ ಕೈಪಿಡಿ ಹೊರತಂದಾಗ, ಅದರಲ್ಲಿಲ್ಲದ ಕ್ರಮಗಳು ತಪ್ಪೆಂದು ತಾನು ಹೇಳುತ್ತಿಲ್ಲವೆಂಬುದನ್ನು ಅಲ್ಲಿಯೇ ಸ್ಪಷ್ಟಪಡಿಸಿತ್ತು. ಆ ಔದಾರ್ಯವನ್ನು ನನ್ನ ಪುಟ ಮರೆತಿತ್ತು.

ಕೆಂಪು ಬಣ್ಣವನ್ನು ಪೂರ್ತಿ ತೆಗೆದುಹಾಕಿದೆ. ಈಗ ಕಾಂಜಿಯಲ್ಲಿ ಅರ್ಥವೇ ಬದಲಾಗುವ ಕಡೆ ಮಾತ್ರ ಪುಟ ಎಚ್ಚರಿಸುತ್ತದೆ, 'ಮಣ್ಣು' ಎಂಬ ಅಕ್ಷರದ ಅಡಿಯ ಅಡ್ಡಗೆರೆ ಮೇಲಿನದಕ್ಕಿಂತ ಚಿಕ್ಕದಾದರೆ ಅದು ಬೇರೆಯೇ ಅಕ್ಷರವಾಗುತ್ತದೆ ಎಂಬಂಥಲ್ಲಿ. ಕ್ರಮ ಬೇರೆಯಾದರೆ "ಶಾಲೆಯಲ್ಲಿ ಹೀಗೆ ಕಲಿಸುತ್ತಾರೆ" ಎಂದು ಮಾದರಿಯನ್ನು ಒಮ್ಮೆ ಓಡಿಸಿ ಸುಮ್ಮನಾಗುತ್ತದೆ. 'ಬಲ' ಮತ್ತು 'ಎಡ' ಎಂಬ ಕಾಂಜಿಗಳಲ್ಲಿ ಇದು ಆಗಾಗ ಬರುತ್ತದೆ, ಏಕೆಂದರೆ ನೋಡಲು ಒಂದೇ ರೀತಿಯಿರುವ ಅವುಗಳ ಮೇಲ್ಭಾಗವನ್ನು 'ಬಲ'ದಲ್ಲಿ ಓರೆಗೆರೆಯಿಂದಲೂ 'ಎಡ'ದಲ್ಲಿ ಅಡ್ಡಗೆರೆಯಿಂದಲೂ ಆರಂಭಿಸಬೇಕು. ಚೆನ್ನಾಗಿ ಬರೆದಾಗ ಮೂಡಲೆಂದು ಇಲ್ಲಿನ ಶಿಕ್ಷಕರು ಮಕ್ಕಳ ಹಾಳೆಯ ಮೇಲೆ ಬರೆಯುವ 'ಹನಮಾರು' ಎಂಬ ಹೂವಿನಾಕಾರದ ಸುತ್ತನ್ನು ನಾನೇ ಬರೆದು ಸೇರಿಸಿದ್ದೇನೆ, ಅದಕ್ಕೂ ನನ್ನ ಕೈಯ ವೇಗವೇ ಇದೆ. ಹುಡುಗಿ ಮರುದಿನ 'ಮರ'ವನ್ನು ತನಗೆ ಬೇಕಾದಂತೆ ಚಿಮ್ಮಿಸಿ ಬರೆದು ಹೂವನ್ನು ಪಡೆದಳು.

ಪರದೆಯ ಮೇಲೆ ಬೆರಳಾಡಿಸಿ ಕಲಿತದ್ದು ಕಾಗದಕ್ಕೆ ಪೂರ್ತಿಯಾಗಿ ಬರುವುದಿಲ್ಲ. ಗಾಜು ಜಾರುತ್ತದೆ, ಒತ್ತಿದರೂ ಗೆರೆ ದಪ್ಪವಾಗುವುದಿಲ್ಲ. ಇಲ್ಲಿನ ಶಾಲೆಗಳಲ್ಲಿ 2020ರಿಂದ ಜಾರಿಗೆ ಬಂದ ಪಠ್ಯಕ್ರಮ ಒಂದು ಮತ್ತು ಎರಡನೆಯ ತರಗತಿಯ ಮಕ್ಕಳಿಗೆ ನೀರಿನಿಂದ ಬರೆಯುವ ಮೆತ್ತನೆಯ ಕುಂಚವನ್ನು ಬಳಸುವಂತೆ ಸೂಚಿಸಿದೆ. ಶಾಯಿ ಮತ್ತು ಕುಂಚದ ಪಾಠ ಮೂರನೆಯ ತರಗತಿಯಿಂದ ಬರುತ್ತದೆ. ನೀರು ಆರಿದರೆ ಬರಹ ಅಳಿಯುವುದರಿಂದ ಮಗು ಹೆದರದೆ ಕೈ ಬೀಸುತ್ತದೆ. ಆ ವಿಶೇಷ ಹಾಳೆ ನಮ್ಮೂರಿನಲ್ಲಿ ಸುಲಭವಾಗಿ ಸಿಗದು, ಆದರೆ ಸ್ಲೇಟು ಸಿಗುತ್ತದೆ. ಚಿತ್ರಕಲೆಯ ದುಂಡು ಕುಂಚವನ್ನು ನೀರಿನಲ್ಲಿ ಅದ್ದಿ ಸ್ಲೇಟಿನ ಮೇಲೆ ಬರೆಯಿರೆಂದು ಎಲ್ಲರಿಗೂ ಹೇಳಿದೆ. ಬೆಂಗಳೂರಿನ ಒಬ್ಬರು ತಮ್ಮ ಹಳೆಯ ಮನೆಯ ಕೆಂಪು ರೆಡ್ ಆಕ್ಸೈಡ್ ನೆಲದ ಮೇಲೆಯೇ ಹಿರಗಾನದ 'ನೊ' ಅಕ್ಷರವನ್ನು ಮಾರುದ್ದಕ್ಕೆ ಬರೆದು ಫೋಟೋ ಕಳಿಸಿದರು. ಅವರ ಹರಾಯ್ ಅಂದು ಮೊದಲ ಬಾರಿಗೆ ಚೂಪಾಗಿತ್ತು. ಪುಟದಲ್ಲಿ ಪ್ರತಿ ಅಕ್ಷರದ ಅಡಿಯಲ್ಲಿ ಈಗ ಕುಂಚದ ಗುರುತೊಂದಿದೆ; ಅದನ್ನು ಒತ್ತಿದರೆ ಅದೇ ಅಕ್ಷರದ ನಿಧಾನಗತಿಯ ವಿಡಿಯೋ ಪೂರ್ಣ ಪರದೆಯಲ್ಲಿ ಮತ್ತೆ ಮತ್ತೆ ಓಡುತ್ತಿರುತ್ತದೆ, ಫೋನನ್ನು ಗೋಡೆಗೆ ಆನಿಸಿ ಅದರ ಜೊತೆ ಬರೆಯಬಹುದು. ಒಂದೊಂದು ವಿಡಿಯೋ ಸುಮಾರು 400 ಕಿಲೋಬೈಟಿಗೆ ಇಳಿದಿರುವುದರಿಂದ ಡೇಟಾ ಹೆಚ್ಚು ಖರ್ಚಾಗುವುದಿಲ್ಲ.

ಹಿರಗಾನ, ಕತಕಾನ ಎರಡೂ ಮುಗಿದಿವೆ. 80 ಕಾಂಜಿಗಳಲ್ಲಿ 31ಕ್ಕೆ ವೇಗ ಸೇರಿದೆ. ಗುಂಪಿನಲ್ಲಿ ಎಡಗೈಯಿಂದ ಬರೆಯುವವರು ಒಬ್ಬರಿದ್ದಾರೆ. ಬಲಗೈಯವರು ಎಳೆಯುವ ಅಡ್ಡಗೆರೆಯನ್ನು ಅವರು ತಳ್ಳಬೇಕಾಗುತ್ತದೆ, ಆದ್ದರಿಂದ ನನ್ನ ವೇಗದ ಅಂಕಿಗಳು ಅವರ ಕೈಗೆ ಒಗ್ಗುತ್ತಿಲ್ಲ. ಎಡಗೈಯವರಾದ ನೆರೆಯ ಗೆಳತಿಯೊಬ್ಬರು ಮುಂದಿನ ಭಾನುವಾರ ಪೆಟ್ಟಿಗೆಯ ಮುಂದೆ ಕೂರಲು ಒಪ್ಪಿದ್ದಾರೆ. ದೀಪಗಳನ್ನು ಬಲಗಡೆಗೆ ಸರಿಸಿಟ್ಟು, ಅಡ್ಡಗೆರೆಗಳೇ ಹೆಚ್ಚಿರುವ 'ಒಂದು', 'ಎರಡು', 'ಮೂರು' ಎಂಬ ಕಾಂಜಿಗಳಿಂದ ಆರಂಭಿಸುವುದೆಂದು ಮಾತಾಗಿದೆ.